ಗ್ರಂಥಾಲಯ ಕರ ಮತ್ತು ಮಕ್ಕಳ ಸಂಜೆಯ ಓದು: ದಾವಣಗೆರೆ, ಹರಿಹರ

ಶಾಲೆ ಬಿಟ್ಟ ಮೇಲಿನ ಮಕ್ಕಳ ಓದು, ಕಲಿಕೆಗೆ ಸಾರ್ವಜನಿಕ ಹಣ ಒದಗುವ ದಾರಿಗಳಲ್ಲಿ ಗ್ರಂಥಾಲಯ ಕರ ಮುಖ್ಯವಾದುದು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965ರಡಿ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಕರ ವಸೂಲು ಮಾಡುತ್ತವೆ. ದಾವಣಗೆರೆಯಲ್ಲಿ ಇದು ಮಹಾನಗರ ಪಾಲಿಕೆಯ, ಹರಿಹರದಲ್ಲಿ ನಗರಸಭೆಯ ಹೊಣೆ. 1000 ರೂಪಾಯಿ ಆಸ್ತಿ ತೆರಿಗೆ ಕಟ್ಟುವ ಮನೆಯಿಂದ 60 ರೂಪಾಯಿ ಗ್ರಂಥಾಲಯಕ್ಕೆ ಸಲ್ಲಬೇಕು. ಈ ಹಣ ಪೂರ್ತಿಯಾಗಿ, ಸಕಾಲದಲ್ಲಿ ತಲುಪಿದರೆ ಸಂಜೆ ಪಾಟಿಚೀಲ ಹೊತ್ತು ಬರುವ ಮಗುವಿಗೆ ಹೊಸ ಪುಸ್ತಕ, ಒಳ್ಳೆಯ ಬೆಳಕು, ಕೂರಲು ಜಾಗ ಸಿಗುತ್ತದೆ. ಬಾಕಿ ಉಳಿದರೆ ನಷ್ಟ ಮಕ್ಕಳದೇ.

ಹಳ್ಳಿಗಳಲ್ಲಿ ಮಕ್ಕಳಿಗೆ ಓದಲು ಅವಕಾಶ ಒದಗಿಸುವ ಕೆಲಸ ಗ್ರಾಮ ಪಂಚಾಯಿತಿ ಗ್ರಂಥಾಲಯಗಳದು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಅಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ನೀಡುತ್ತದೆ.