ಎರೆಭೂತಕ್ಕೆ ಪಂಜರವೂ ಬೇಕು, ಬಯಲೂ ಬೇಕು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳದ್ದು ಬಹುಪಾಲು ಎರೆಭೂಮಿ. ಜೋಳ, ತೊಗರಿ ಬೆಳೆಯುವ ಈ ಕಪ್ಪು ಮಣ್ಣಿನ ಹೆಸರನ್ನೇ ಹೊತ್ತ ಹಕ್ಕಿಯೊಂದಿದೆ. ಅದೇ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಸುಮಾರು ಒಂದು ಮೀಟರ್ ಎತ್ತರದ ಈ ಹಕ್ಕಿಯ ಗಂಡು 15 ಕಿಲೋವರೆಗೂ ತೂಗುತ್ತದೆ. ಒಂದು ಕಾಲಕ್ಕೆ ದಖ್ಖನ್ನಿನ ಒಣ ಹುಲ್ಲುಗಾವಲುಗಳಲ್ಲಿ ಹರಡಿದ್ದ ಇದು ಈಗ ದೇಶದ ಬಯಲುಗಳಲ್ಲಿ 150ರಷ್ಟು ಮಾತ್ರ ಉಳಿದಿದೆ ಎಂಬುದು ಅಂದಾಜು. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ.

ಆಳಂದದ ಗಡಿ ದಾಟಿದರೆ ಸೋಲಾಪುರ ಜಿಲ್ಲೆ. ಅಲ್ಲಿನ ನಾನ್ನಜ್ ಸೇರಿದಂತೆ 8,496 ಚದರ ಕಿ.ಮೀ. ಪ್ರದೇಶವನ್ನು 1979ರಲ್ಲಿ ಈ ಹಕ್ಕಿಗಾಗಿಯೇ ಅಭಯಾರಣ್ಯವೆಂದು ಘೋಷಿಸಲಾಯಿತು. ಊರು, ಹೊಲಗಳೂ ಅದರೊಳಗೆ ಸೇರಿದ್ದರಿಂದ ಜನರ ಅಸಮಾಧಾನ ಬೆಳೆಯಿತು. ನಂತರ ವಿಸ್ತೀರ್ಣವನ್ನು 1,222 ಚದರ ಕಿ.ಮೀ.ಗೆ ಇಳಿಸಲಾಯಿತು. ಅಷ್ಟರಲ್ಲಿ ಹಕ್ಕಿಯೇ ಅಪರೂಪವಾಗಿತ್ತು. ನಮ್ಮ ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವಾಯಿತು. ಆದರೆ ಅಲ್ಲಿನ ಹುಲ್ಲುಗಾವಲನ್ನು ನೀಲಗಿರಿ ನೆಡುತೋಪು ಆಕ್ರಮಿಸಿತ್ತು. ಕೃಷ್ಣಮೃಗ ಉಳಿಯಿತು, ಎರೆಭೂತ ಮರೆಯಾಯಿತು.

ಬಯಲಿನಲ್ಲಿ ಉಳಿಯದ ಜೀವಿಯನ್ನು ಸೆರೆಯಲ್ಲಿಟ್ಟು ಮರಿ ಮಾಡಿಸಬಹುದೇ? ಈ ಪ್ರಶ್ನೆ ಹೊಸದಲ್ಲ. ಬೇಟೆಗೆಂದು ನೂರಾರು ಚೀತಾ ಸಾಕಿದ ಅಕ್ಬರನಿಗೆ ಅವುಗಳಿಂದ ಮರಿ ಪಡೆಯಲಾಗಲಿಲ್ಲ. ಮಗ ಜಹಾಂಗೀರನ ಕಾಲದಲ್ಲಿ ಒಮ್ಮೆ ಮೂರು ಮರಿ ಹುಟ್ಟಿದ್ದನ್ನು ಅವನ ಆತ್ಮಕಥೆ ವಿಶೇಷವೆಂಬಂತೆ ದಾಖಲಿಸಿದೆ. ಹೀಗಾಗಿ ಚೀತಾಗಳನ್ನು ಕಾಡಿನಿಂದಲೇ ಹಿಡಿದು ತರಬೇಕಾಗುತ್ತಿತ್ತು. 1952ರಲ್ಲಿ ಭಾರತದಲ್ಲಿ ಚೀತಾ ಅಳಿದುಹೋಗಿದೆ ಎಂದು ಘೋಷಿಸಲಾಯಿತು.

ಎರೆಭೂತದ ವಿಷಯದಲ್ಲಿ ಯತ್ನ ಫಲ ಕೊಡುತ್ತಿದೆ. 2018ರ ಒಪ್ಪಂದದಂತೆ 2019ರಲ್ಲಿ ಜೈಸಲ್ಮೇರ್ ಜಿಲ್ಲೆಯ ಸಮ್‌ನಲ್ಲಿ ಸಂತಾನೋತ್ಪತ್ತಿ ಕೇಂದ್ರ ಆರಂಭವಾಯಿತು. ಬಯಲಿನಿಂದ ತಂದ ಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸಲಾಯಿತು. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು. 2025ರಲ್ಲಿ ಸೆರೆಯಲ್ಲಿದ್ದ ಹಕ್ಕಿಗಳ ಸಂಖ್ಯೆ 60 ದಾಟಿತು.

ಲಾಭ ಸ್ಪಷ್ಟ. ಎರೆಭೂತ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ನಾಯಿ, ನರಿಯ ಬಾಯಿಂದ ಅದನ್ನು ಉಳಿಸಿದರೆ ಒಂದು ಹಕ್ಕಿ ಉಳಿದಂತೆ. ನಾಳೆ ಬಯಲಿನ ಹಕ್ಕಿಗಳೆಲ್ಲ ಅಳಿದರೂ ತಳಿ ಉಳಿಯುತ್ತದೆ.

ತೊಡಕುಗಳೂ ಉಂಟು. ಮೊದಲಿಗೆ ಅಳಿದುಳಿದ ಹಕ್ಕಿಗಳ ಮೊಟ್ಟೆಯನ್ನೇ ತೆಗೆಯಬೇಕು. ಮನುಷ್ಯರ ಕೈಯಲ್ಲಿ ಬೆಳೆದ ಮರಿ ಶತ್ರುವನ್ನು ಗುರುತಿಸಲು, ಮೇವು ಹುಡುಕಲು ಕಲಿಯಬೇಕು. ಕೆಲವೇ ಹಕ್ಕಿಗಳಿಂದ ಸಂತತಿ ಬೆಳೆದರೆ ರಕ್ತಸಂಬಂಧ ಹತ್ತಿರವಾಗಿ ತಳಿ ದುರ್ಬಲವಾಗುವ ಭಯವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಹದ್ದುಗಳು 1987ರಲ್ಲಿ ಒಟ್ಟು 27 ಮಾತ್ರ ಇದ್ದವು. ಎಲ್ಲವನ್ನೂ ಹಿಡಿದು ಸಾಕಿದ ಮೇಲೆ ಸಂಖ್ಯೆ 500 ದಾಟಿದೆ. ಆದರೂ ಬೇಟೆಗಾರರ ಗುಂಡಿನಲ್ಲಿರುವ ಸೀಸ, ಸತ್ತ ಪ್ರಾಣಿಗಳ ಮಾಂಸದ ಮೂಲಕ ಅವನ್ನು ಇಂದಿಗೂ ಕೊಲ್ಲುತ್ತಿದೆ. ಸಾವಿನ ಕಾರಣ ಹೋಗದಿದ್ದರೆ ಸಾಕಿದ್ದು ಸಾಲದು.

ಎರೆಭೂತಕ್ಕೂ ಅದೇ ಮಾತು. ಹಾರುವಾಗ ಎದುರಿನ ವಿದ್ಯುತ್ ತಂತಿ ಅದಕ್ಕೆ ಸರಿಯಾಗಿ ಕಾಣದು. ಹುಲ್ಲುಗಾವಲನ್ನು ದಾಖಲೆಗಳು ಪಾಳುಭೂಮಿ ಎನ್ನುತ್ತವೆ. ಜೈಸಲ್ಮೇರಿನಲ್ಲಿ ಹುಟ್ಟಿದ ಮರಿಯ ಸಂತತಿ ಮುಂದೊಂದು ದಿನ ದಖ್ಖನ್ನಿಗೆ ಮರಳಬೇಕಾದರೆ, ಅದಕ್ಕೆ ಇಳಿಯಲು ಬಯಲು ಬೇಕು. ಆ ಬಯಲನ್ನು ಉಳಿಸುವ ಕೆಲಸ ಪಂಜರದಲ್ಲಿ ಆಗುವಂಥದ್ದಲ್ಲ. ಅದು ಭೀಮಾ ತೀರದ ಗೋಮಾಳ, ಹುಲ್ಲುಗಾವಲುಗಳಲ್ಲೇ ಆಗಬೇಕು.