ಪದ ಪರಿಚಯ: ಪೇಟೆ

ಶಹಾಪುರ–ಯಾದಗಿರಿ ರಸ್ತೆಯಲ್ಲಿರುವ ದೋರನಹಳ್ಳಿಯ ಕಡೆ ಬಾಯಿಮಾತಿನಲ್ಲಿ ಇದು 'ಪ್ಯಾಟಿ'. "ಪ್ಯಾಟಿಗಿ ಹೋಗಿ ಬರ್ತೀನ್ರೀ" ಎಂದರೆ ಸಾಮಾನು ಖರೀದಿಯಿಂದ ಹಿಡಿದು ಬ್ಯಾಂಕಿನ ಕೆಲಸದವರೆಗೆ ಎಲ್ಲವೂ ಸೇರಿತು. ತಮಿಳಿನ ಪೇಟ್ಟೈ, ತೆಲುಗಿನ ಪೇಟ, ಮರಾಠಿಯ ಪೇಠ್ ಇದರ ಬಳಗದವೇ.

ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಗೋದಾಮು: ನಗರ ಯೋಜಕರು 'ಮಿಶ್ರ ಬಳಕೆ' ಎನ್ನುವುದು ಹಳೆಯ ಪೇಟೆಯ ನಿತ್ಯದ ಬದುಕು. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆಗಳು ಸರಕಿನ ಹೆಸರನ್ನೇ ಹೊತ್ತಿವೆ. ಚಿಕ್ಕಪೇಟೆಗೆ 2017ರಲ್ಲಿ ನೆಲದಡಿಯ ಮೆಟ್ರೊ ನಿಲ್ದಾಣ ಬಂತು. ಗಿರಾಕಿ ರೈಲಿನಲ್ಲಿ ಬರಬಹುದು, ಬಟ್ಟೆಯ ಮೂಟೆ ಮಾತ್ರ ಗಲ್ಲಿಯೊಳಗೇ ಇಳಿಯಬೇಕು.

ಹೀಗೆ ಗಿರಾಕಿ, ಸರಕು ಎರಡನ್ನೂ ಸೆಳೆಯುವ ಹೊಸ ಕಟ್ಟಡದಿಂದ ರಸ್ತೆಗೆ ಬೀಳುವ ವಾಹನಗಳ ಹೊರೆಯನ್ನು ಅಂದಾಜಿಸುವಾಗ ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಗ್ರಾಮೀಣ ರಸ್ತೆಗಳ ಮಾರ್ಗಸೂಚಿಯಲ್ಲಿ ಬೈಕು ಅರ್ಧ ಕಾರು, ಬಸ್ಸು ಮೂರು, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಾಲ್ಕೂವರೆ, ದೊಡ್ಡ ಎತ್ತಿನ ಬಂಡಿ ಎಂಟು!

ಹತ್ತಿ, ಭತ್ತ ಬೆಳೆಯುವ ದೋರನಹಳ್ಳಿಯ ಸೀಮೆಯಲ್ಲಿ ರಸ್ತೆಬದಿ ಮಳಿಗೆ ಕಟ್ಟುವವರು ಸುಗ್ಗಿಯ ದಿನಗಳಲ್ಲೇ ವಾಹನ ಎಣಿಸಬೇಕು. ಬೇಸಿಗೆಯ ಖಾಲಿ ಮಧ್ಯಾಹ್ನದ ಎಣಿಕೆಗೆ ಹತ್ತಿ ಹೇರಿದ ಟ್ರ್ಯಾಕ್ಟರ್ ಸಿಗುವುದಿಲ್ಲ.