ಮೂರು ರಾಜ್ಯದ ಆಕಳು

ಕಳೆದ ತಿಂಗಳು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಹೊರಗೆ ಚಹಾ ಕುಡಿಯುತ್ತಾ ನಿಂತಿದ್ದೆ. ಮಿತ್ರರೊಬ್ಬರು ಕೇಳಿದರು: "ಏನ್ರೀ, ನೀವು ಜಹೀರಾಬಾದ್ ಹತ್ರ ಕಟ್ಟಿರೋ ದೇವಣಿ ಆಕಳು ಮಹಾರಾಷ್ಟ್ರದ ತಳಿಯಂತಲ್ಲ?" ಕನ್ನಡಿಗನಾಗಿ ನಾನೇನೋ ದ್ರೋಹ ಮಾಡಿದ್ದೇನೆ ಅನ್ನೋ ಧಾಟಿ! ಆಗ ನಕ್ಕು ಸುಮ್ಮನಾದೆ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದೇವಣಿ ಅನ್ನುವ ಊರು ಇವತ್ತು ಲಾತೂರ್ ಜಿಲ್ಲೆಯಲ್ಲಿದೆ, ಸರಿ. ಆದರೆ 1956ಕ್ಕೆ ಮೊದಲು ಅದು ಉದಗೀರ್ ಸೀಮೆಯ ಊರು. ಉದಗೀರ್ ಇದ್ದದ್ದು ನಮ್ಮ ಬೀದರ್ ಜಿಲ್ಲೆಯಲ್ಲಿ, ಬೀದರ್ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ಆ ವರ್ಷ ನವೆಂಬರ್ 1ಕ್ಕೆ ಜಿಲ್ಲೆ ಮೂರು ತುಂಡಾಯಿತು. ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯದು ಮೈಸೂರಿಗೆ; ಉದಗೀರ್, ನಿಲಂಗಾ, ಅಹ್ಮದಪುರ ಮುಂಬೈ ರಾಜ್ಯಕ್ಕೆ; ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ದನಗಳಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಅವು ಮೂರೂ ಕಡೆ ಅದೇ ಕಪ್ಪು ಎರೆ ನೆಲ ಉತ್ತುಕೊಂಡಿದ್ದವು.

ಗಿರ್, ಡಾಂಗಿ ಮತ್ತು ಸ್ಥಳೀಯ ದನಗಳು ಬೆರೆತು ಸುಮಾರು ಇನ್ನೂರು ವರ್ಷಗಳಲ್ಲಿ ರೂಪುಗೊಂಡ ತಳಿ ಇದು ಎನ್ನುತ್ತಾರೆ. ಇಳಿಬಿದ್ದ ಕಿವಿ, ಉಬ್ಬಿದ ಹಣೆ ನೋಡಿದರೆ ಗಿರ್ ನೆನಪಾಗುತ್ತದೆ. ಬಣ್ಣದ ಮೇಲೆ ಮೂರು ಬಗೆ. ಮೈ ಬೆಳ್ಳಗಿದ್ದು ಮುಖದ ಬದಿ ಕಪ್ಪಿದ್ದರೆ ವಾನ್ನೇರಾ. ಹೊಟ್ಟೆಯ ಕೆಳಗಷ್ಟೇ ಕಪ್ಪು ಮಚ್ಚೆ ಇದ್ದರೆ ಬಾಳಂಕ್ಯಾ. ಮೈತುಂಬಾ ಅಡ್ಡಾದಿಡ್ಡಿ ಮಚ್ಚೆ ಇದ್ದರೆ ಶೇವೇರಾ. ಎತ್ತುಗಳು ಎರೆಹೊಲದ ಭಾರೀ ಗಳೆ ಎಳೆಯುತ್ತವೆ, ಆಕಳು ಮನೆಮಟ್ಟಿಗೆ ಹಾಲು ಕೊಡುತ್ತದೆ. ಒಂದು ಸೂಲಿಗೆ ಸರಾಸರಿ 800-900 ಲೀಟರು, ಅಷ್ಟೇ.

ಈ "ಅಷ್ಟೇ" ಅನ್ನುವ ಶಬ್ದದ ಹಿಂದೆ ನನ್ನದೂ ಒಂದು ಸಹಿ ಇದೆ. 1990ರ ದಶಕದಲ್ಲಿ, ಗ್ರಾಮೀಣ ಶಾಖೆಯೊಂದರಲ್ಲಿ ಹೊಸ ಆಫೀಸರನಾಗಿದ್ದಾಗ ಐಆರ್‌ಡಿಪಿ ಸಾಲದ ಅರ್ಜಿಗಳು ನನ್ನ ಮೇಜಿಗೆ ಬರುತ್ತಿದ್ದವು. ಮಿಶ್ರತಳಿ ಆಕಳಿಗೆ ಸಾಲ, ಸಬ್ಸಿಡಿ. ಪಟ್ಟಿಯಲ್ಲಿ ಲೀಟರಿಗೆ ಕಾಲಂ ಇತ್ತು, ಸಗಣಿಗೆ ಇರಲಿಲ್ಲ, ಗಳೆ ಹೊಡೆಯುವುದಕ್ಕೆ ಇರಲಿಲ್ಲ, ಏಪ್ರಿಲ್ ಬಿಸಿಲು ತಡೆಯುವುದಕ್ಕಂತೂ ಇರಲೇ ಇಲ್ಲ. ಬಿ.ಕಾಂ. ಓದಿದವನಿಗೆ ಕಾಲಂ ಇಲ್ಲದ್ದು ಕಾಣುವುದೂ ಇಲ್ಲ ನೋಡಿ! ಮನೆಯ ದೇವಣಿ ಜೋಡಿ ಮಾರಿ ಜರ್ಸಿ ಮಿಶ್ರತಳಿ ತಂದ ರೈತನೊಬ್ಬ ಮುಂದಿನ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಒಳಗೆ ಸತ್ತ ಆಕಳ ಕಿವಿ, ವಿಮೆಯ ಬಿಲ್ಲೆ ಸಮೇತ. ಬಿಲ್ಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲವಲ್ಲ. ನಾನು ನಂಬರು ತಾಳೆ ನೋಡಿ ಫಾರಂ ತುಂಬಿದೆ. ಆ ಚೀಲವನ್ನು ಮೇಜಿನ ಮೇಲೆ ಇಡಬೇಡ ಎಂದದ್ದು ಈಗಲೂ ನೆನಪಿದೆ.

ತಪ್ಪೆಲ್ಲ ಸಾಲದ್ದೇ ಅಲ್ಲ ಅನ್ನಿ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಯಾರಿಗೆ ಬೇಕು? ಇತ್ತ ಹೈದರಾಬಾದಿಗೆ ಬೇಕಾದದ್ದು ಎಮ್ಮೆ ಹಾಲು. ಇಲ್ಲಿಯ ಇರಾನಿ ಚಹಾ ಗಟ್ಟಿಯಾಗಿರಬೇಕು. ದೀಪಾವಳಿಯಾದ ಮೇಲೆ ನಾರಾಯಣಗುಡದ ಸದರ್ ಹಬ್ಬದಲ್ಲಿ ಹೂಮಾಲೆ ಬೀಳುವುದೂ ಕೋಣದ ಕೊರಳಿಗೇ.

ಎರಡೆಕರೆ ಜಾಗ, ಮೂರು ಆಕಳು, ಒಂದು ಹೋರಿ. ಇದು ನನ್ನ ಸಂಸ್ಥಾನ. ಶನಿವಾರ ರಾತ್ರಿ ಹೋದರೆ ಭಾನುವಾರ ಐದಕ್ಕೇ ಏಳಬೇಕು. ಸಗಣಿ ಬಾಚಿ, ಗೋದಲಿಗೆ ಕಣಿಕಿ ಹಾಕಿ, ಹಿಂಡಿ ನೆನೆಸಿ, ಕರು ಬಿಟ್ಟು ಹಾಲು ಇಳಿಸಿ, ಆಮೇಲೆ ಹಿಂಡೋದು. ಕರು ಕಾಣದಿದ್ದರೆ ದೊಡ್ಡಾಕಳು ಹಾಲು ಬಿಡುವುದೇ ಇಲ್ಲ. ನನ್ನ ಹೆಬ್ಬೆರಳು ಹತ್ತು ನಿಮಿಷಕ್ಕೇ ಸೋಲುತ್ತದೆ, ನೋಡಿಕೊಳ್ಳುವಾತ ನಗುತ್ತಾನೆ. ಆತ ತೆಲುಗಿನಲ್ಲಿ ಗದರುತ್ತಾನೆ, ನಾನು ಬೀದರ್ ಕನ್ನಡದಲ್ಲಿ ಕರೆಯುತ್ತೇನೆ, ಉದಗೀರ್ ಕಡೆಯಿಂದ ತಂದ ಹೋರಿ ಮರಾಠಿಗೆ ಮಾತ್ರ ಕಿವಿ ನಿಮಿರಿಸುತ್ತದೆ. ನಮ್ಮ ಕಾರಹುಣ್ಣಿಮೆಯ ದಿನವೇ ಇವರ ಏರುವಾಕ ಪೌರ್ಣಮಿ. ಹಾಗಾಗಿ ಕೊಂಬಿಗೆ ಬಣ್ಣ ಹಚ್ಚುವಾಗ ಜಗಳವಿಲ್ಲ. ಶ್ರಾವಣದ ಅಮಾವಾಸ್ಯೆಗೆ ಮರಾಠಿಯವರ ಪೋಳಾ ಬಂತೆಂದರೆ ಹೋರಿಗೆ ಇನ್ನೊಂದು ಹೋಳಿಗೆ.

ಮೊನ್ನೆ ಶುಕ್ರವಾರ ದೊಡ್ಡಾಕಳು ಈದಿದೆ. ಹೆಣ್ಣುಗರು. ಮುಖದ ಬದಿ ಕಪ್ಪಿದೆ, ವಾನ್ನೇರಾ ಅಂದೆ ನಾನು. ಆತ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ, "ಸಾರ್, ಇಲ್ಲೂ ಎರಡು ಮಚ್ಚೆ ಇವೆಯಲ್ಲ" ಅಂದ.